ಎಷ್ಟು ಕೆ.ಜಿ.ಯ ಪವರ್ ಹ್ಯಾಮರ್ ತೆಗೆದುಕೊಳ್ಳಬೇಕು?

ಶಿರಸಿಯಲ್ಲಿ ಕಮ್ಮಾರಸಾಲೆ ನಡೆಸುವ ನನ್ನನ್ನು ಯಲ್ಲಾಪುರದಿಂದ ಕಾರವಾರದವರೆಗಿನ ಕಸುಬುದಾರರು, ಹೊಸದಾಗಿ ಈ ಕೆಲಸಕ್ಕೆ ಇಳಿಯಬೇಕೆಂದಿರುವ ಹುಡುಗರು, ಕೆಲವೊಮ್ಮೆ ಮಗನಿಗೊಂದು ಉದ್ಯೋಗ ಮಾಡಿಕೊಡಲು ಹೊರಟ ತಂದೆಯಂದಿರು ಕೇಳುವುದು ಒಂದೇ ಪ್ರಶ್ನೆ: “ಆಚಾರ್ರೇ, ಪವರ್ ಹ್ಯಾಮರ್ ಎಷ್ಟು ಕೆ.ಜಿ.ದು ತಗೊಳ್ಳಲಿ?” ಪವರ್ ಹ್ಯಾಮರ್ ಎಂದರೆ ಕಾದ ಕಬ್ಬಿಣವನ್ನು ಬಡಿಯುವ, ಮೋಟಾರಿನಿಂದ ಓಡುವ ಸುತ್ತಿಗೆ. ಕುಲುಮೆಯಲ್ಲಿ ಪಟ್ಟಿ ಕಾಯುತ್ತಿರುವಾಗ ಫೋನು ಹಿಡಿದು ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಕತ್ತಿ, ಮೆಟ್ಟುಗತ್ತಿ, ಗುದ್ದಲಿ ಮಾಡುವವರಿಗೆ 25 ಕೆ.ಜಿ. ಸಾಕು. ಹಾರೆ, ಪಿಕಾಸಿ, ಕೊಡಲಿಯ ಕೆಲಸವೂ ಇದ್ದರೆ 40ರಿಂದ 50 ಕೆ.ಜಿ. ಅದಕ್ಕಿಂತ ದೊಡ್ಡದು ನಮ್ಮ ಜಿಲ್ಲೆಯ ಹಳ್ಳಿಯ ಸಾಲೆಗೆ ಬೇಕಾಗಿಲ್ಲ. ಇಷ್ಟು ತಿಳಿದರೆ ಸಾಕು ಎನ್ನುವವರು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು, ಆದರೆ ಯಂತ್ರಕ್ಕೆ ಮುಂಗಡ ಕೊಡುವುದನ್ನೂ ಅವರು ನಿಲ್ಲಿಸಬೇಕು.

ಆ ಕೆ.ಜಿ. ಎಂಬುದು ಮೇಲೆ ಕೆಳಗೆ ಆಡುವ ತಲೆಯ, ಅಂದರೆ ರ್‍ಯಾಮ್‌ನ ತೂಕ. ಇಡೀ ಯಂತ್ರದ ತೂಕ ಅದರ ಎಷ್ಟೋ ಪಟ್ಟು ಇರುತ್ತದೆ. ಅಡಿಕೆ ಸೀಮೆಯ ಕತ್ತಿಗಳಿಗೆ ನಾವು ಬಳಸುವುದು ಹೆಚ್ಚಾಗಿ ಲಾರಿ ಪಟ್ಟಿ. ಶೇಕಡಾ 0.6ರ ಆಸುಪಾಸು ಇಂಗಾಲವಿರುವ ಈ ಸ್ಪ್ರಿಂಗ್ ಉಕ್ಕು ತೆಳುವಾದಷ್ಟೂ ಬೇಗ ತಣಿಯುತ್ತದೆ. ಸುಮಾರು 850 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಬಣ್ಣ ಮಂದಗೆಂಪಿಗೆ ಇಳಿದ ಮೇಲೂ ಬಡಿಯುತ್ತಾ ಹೋದರೆ ಒಳಗೆ ಸಣ್ಣ ಬಿರುಕು ಹುಟ್ಟಿ, ಹದ ಹಾಕುವಾಗಲೋ ಅಡಿಕೆ ಕೊನೆ ಕೊಯ್ಯುವವನ ಕೈಯಲ್ಲೋ ಕತ್ತಿ ತುಂಡಾಗುತ್ತದೆ. ಇಂಥ ಕೆಲಸಕ್ಕೆ ಬೇಕಾದದ್ದು ನಿಮಿಷಕ್ಕೆ 200ಕ್ಕೂ ಹೆಚ್ಚು ಬಾರಿ, ಕಾವು ಇರುವಷ್ಟು ಹೊತ್ತಿನಲ್ಲೇ ಬೀಳುವ ಹಗುರ ಏಟು. ಭಾರದ ಯಂತ್ರದ ಒಂದು ಏಟು ಹೆಚ್ಚಾದರೆ ಕತ್ತಿಯ ಬೆನ್ನೇ ಚಪ್ಪಟೆಯಾಗುತ್ತದೆ.

ಈ ಪ್ರಶ್ನೆಯ ಮೇಲೆ ನನಗೆ ಸಿಟ್ಟು ಬರಲು ಕಾರಣವಾದ ಒಂದು ಪ್ರಸಂಗವಿದೆ. ಅಂಕೋಲಾ ಕಡೆಯ ಯುವಕನೊಬ್ಬ, ಬಯಲುಸೀಮೆಯ ಊರೊಂದರಲ್ಲಿ ಮುಚ್ಚಿದ ಕಾರ್ಖಾನೆಯ ಹ್ಯಾಮರ್ ಮಾರಾಟಕ್ಕಿದೆ, ನೋಡಿ ಹೇಳಿ ಎಂದು ನನ್ನನ್ನು ಕರೆದುಕೊಂಡು ಹೋದ. ಯಂತ್ರದ ಮೈಗೆ ಹೊಸ ಹಸಿರು ಬಣ್ಣ ಬಳಿದು, ಅದರ ಮೇಲೆ ಬಿಳಿ ಬಣ್ಣದಲ್ಲಿ 65 ಎಂದು ದೊಡ್ಡದಾಗಿ ಬರೆದಿದ್ದರು. ಮಾರುವವರು ಸ್ವಿಚ್ ಹಾಕಿ, ಪೆಡಲನ್ನು ಪೂರ್ತಿ ಒತ್ತಿ, ತಗಡಿನ ಸೂರು ನಡುಗುವಂತೆ ಬಡಿಸಿ ತೋರಿಸಿದರು. ಯುವಕನ ಮುಖ ಅರಳಿತು. ಯಂತ್ರ ನಿಂತ ಮೇಲೆ ನಾನು ಅಡಿಗಲ್ಲಿನ, ಅಂದರೆ ರ್‍ಯಾಮ್‌ನ ಏಟನ್ನು ಕೆಳಗಿನಿಂದ ತಡೆಯುವ ಕಬ್ಬಿಣದ ದಿಂಡಿನ, ಬುಡದ ಸುತ್ತ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದು, ಮತ್ತೊಮ್ಮೆ ಓಡಿಸಿ ಎಂದೆ. ಸ್ವಲ್ಪ ಹೊತ್ತಿನಲ್ಲೇ ಬುಡವು ಗೆರೆಯಿಂದ ಒಂದು ಬೆರಳಿನಷ್ಟು ಸರಿದು, ಹಿಂಬದಿಯಲ್ಲಿ ಬಿಳಿಗೆರೆಯ ಪಕ್ಕ ಅಷ್ಟಗಲದ ಕಪ್ಪು ನೆಲ ಕಂಡಿತು. ಕೈಸುತ್ತಿಗೆಯಿಂದ ಅಡಿಗಲ್ಲಿನ ಮೈಯನ್ನು ತಟ್ಟಿದರೆ ಗಟ್ಟಿ ಕಬ್ಬಿಣದ ಸದ್ದಿಲ್ಲ. ಪ್ಲೇಟುಗಳನ್ನು ವೆಲ್ಡ್ ಮಾಡಿ ಪೆಟ್ಟಿಗೆ ಕಟ್ಟಿ ಒಳಗೆ ಕಾಂಕ್ರೀಟ್ ತುಂಬಿದ್ದರು. ಕೆಳಗಿನ ಡೈ, ಅಂದರೆ ಕಾದ ಕಬ್ಬಿಣಕ್ಕೆ ತಾಗುವ ಉಕ್ಕಿನ ತುಂಡು, ಕೂರುವ ತೋಡಿನ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕಿತ್ತು, ಅದನ್ನು ಹಿಡಿದಿಡುವ ಬೆಣೆಯ ಸಂದಿಗೆ ತಗಡಿನ ಚೂರು ತುರುಕಿದ್ದರು. ಇದಿಷ್ಟನ್ನೂ ಬೆರಳಿಟ್ಟು ತೋರಿಸಿದ ಮೇಲೆ ಆ ಯುವಕ ಕೇಳಿದ್ದು: “ಆದ್ರೂ 65 ಕೆ.ಜಿ. ಅಲ್ವಾ ಆಚಾರ್ರೇ?”

ಬೀಳುವುದರ ತೂಕವನ್ನು ಎಲ್ಲರೂ ಕೇಳುತ್ತಾರೆ. ಏಟು ತಿನ್ನುವ ಅಡಿಗಲ್ಲಿನ ತೂಕವನ್ನು ಯಾರೂ ಕೇಳುವುದಿಲ್ಲ. ರ್‍ಯಾಮ್ ಬಿದ್ದಾಗ ಅದರ ಶಕ್ತಿಯಲ್ಲಿ ಒಂದು ಪಾಲು ಕಾದ ಕಬ್ಬಿಣವನ್ನು ಹಿಗ್ಗಿಸುತ್ತದೆ, ಉಳಿದದ್ದು ಅಡಿಗಲ್ಲನ್ನೇ ಕೆಳಕ್ಕೆ ತಳ್ಳಲು ಹೋಗುತ್ತದೆ. ಶಾಲೆಯಲ್ಲಿ ಕಲಿತ ಡಿಕ್ಕಿಯ ಲೆಕ್ಕವನ್ನೇ ಹಾಕಿದರೆ, ಅಡಿಗಲ್ಲು ರ್‍ಯಾಮ್‌ನ 5 ಪಟ್ಟು ಇದ್ದಾಗ ಶೇಕಡಾ 83ರಷ್ಟು, 10 ಪಟ್ಟು ಇದ್ದಾಗ 91ರಷ್ಟು, 15 ಪಟ್ಟು ಇದ್ದಾಗ 94ರಷ್ಟು ಶಕ್ತಿ ಕೆಲಸಕ್ಕೆ ಸಿಗುತ್ತದೆ. ವ್ಯತ್ಯಾಸ ಸಣ್ಣದು ಎಂದು ಯಾರಾದರೂ ವಾದಿಸಬಹುದು. ಆದರೆ ವ್ಯರ್ಥವಾಗುವ ಆ ಪಾಲು ಇಡೀ ದಿನ ನೆಲವನ್ನು, ಗೋಡೆಯನ್ನು, ಬೋಲ್ಟುಗಳನ್ನು ಬಡಿಯುತ್ತಿರುತ್ತದೆ, 5 ಪಟ್ಟಿನಲ್ಲಿ ಅದು 10 ಪಟ್ಟಿನದರ ಹೆಚ್ಚುಕಡಿಮೆ ಇಮ್ಮಡಿ. ಆದುದರಿಂದ 25 ಕೆ.ಜಿ.ಯ ಹ್ಯಾಮರಿಗೆ ಕನಿಷ್ಠ 250 ಕೆ.ಜಿ.ಯ ಗಟ್ಟಿ ಅಡಿಗಲ್ಲು ಇರಲೇಬೇಕು, ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ನಾನು ಕೇಳಿಸಿಕೊಳ್ಳಲು ಬಯಸುವ ಇನ್ನೊಂದು ಪ್ರಶ್ನೆ, ಈ ಯಂತ್ರ ಎಷ್ಟು ಮೆಲ್ಲಗೆ ಬಡಿಯಬಲ್ಲದು ಎಂಬುದು. ಜೇಮ್ಸ್ ನ್ಯಾಸ್ಮಿತ್ 1839ರಲ್ಲಿ ಹಬೆಯ ಸುತ್ತಿಗೆಯ ನಕ್ಷೆ ಬರೆದು 1842ರಲ್ಲಿ ಪೇಟೆಂಟ್ ಪಡೆದ. ಆ ದೈತ್ಯ ಸುತ್ತಿಗೆಯ ಹೆಗ್ಗಳಿಕೆಯನ್ನು ಜನರಿಗೆ ತೋರಿಸುತ್ತಿದ್ದದ್ದು, ಗಾಜಿನ ಲೋಟದಲ್ಲಿಟ್ಟ ಮೊಟ್ಟೆಯ ಸಿಪ್ಪೆಯನ್ನು ಲೋಟ ಒಡೆಯದಂತೆ ಬಿರುಕು ಬಿಡಿಸುವ ಮೂಲಕ ಎಂದು ಹೇಳುತ್ತಾರೆ. ಪೆಡಲನ್ನು ತುಸುವೇ ಒತ್ತಿದಾಗ ಡೈ ಕಬ್ಬಿಣವನ್ನು ಮುಟ್ಟಿದಂತೆ ಬಡಿಯಬೇಕು. ಕಾಲು ತೆಗೆದ ತಕ್ಷಣ ರ್‍ಯಾಮ್ ಮೇಲೆಯೇ ನಿಲ್ಲಬೇಕು. ಬ್ರೇಕ್ ಸವೆದ ಅಥವಾ ಬ್ರೇಕೇ ಇಲ್ಲದ ಯಂತ್ರ, ಕಾಲು ತೆಗೆದ ಮೇಲೂ ಒಂದೆರಡು ಏಟು ಹಾಕುತ್ತದೆ. ಆ ಹೊತ್ತಿಗೆ ನಿಮ್ಮ ಕೈ ಇಕ್ಕಳವನ್ನು ಹೊರಳಿಸುತ್ತಿರುತ್ತದೆ. ಡೈಗಳ ನಡುವೆ ಕಾದ ಕಬ್ಬಿಣವಿಲ್ಲದೆ ಓಡಿಸಿ ಸದ್ದು ಕೇಳಿಸುವವರಿಂದ ಏನನ್ನೂ ಕೊಳ್ಳಬೇಡಿ. ಡೈಯ ಮೇಲೆ ಡೈ ಬಿದ್ದರೆ ಎರಡೂ ಹಾಳಾಗುತ್ತವೆ ಎಂಬುದು ಅವರಿಗೆ ಗೊತ್ತಿಲ್ಲ ಅಥವಾ ಬೇಕಾಗಿಲ್ಲ.

ಸ್ಪ್ರಿಂಗ್ ಹ್ಯಾಮರೋ, ಗಾಳಿಯ ಹ್ಯಾಮರೋ ಎಂದು ಕೇಳುವವರು ಕಡಿಮೆ. ಗಾಳಿಯದರಲ್ಲಿ ಒಂದು ಸಿಲಿಂಡರ್ ಗಾಳಿಯನ್ನು ಒತ್ತುತ್ತದೆ, ಇನ್ನೊಂದರಲ್ಲಿ ರ್‍ಯಾಮ್ ಆಡುತ್ತದೆ. ಒಂಟಿ ಏಟು ಹಾಕಲು, ಕಬ್ಬಿಣವನ್ನು ಒತ್ತಿ ಹಿಡಿದು ಬಗ್ಗಿಸಲು ಅದಕ್ಕೆ ಸಾಟಿಯಿಲ್ಲ. ಬೆಲೆ ಹೆಚ್ಚು, ರಿಂಗು ಸವೆದರೆ ರಿಪೇರಿಗೆ ಬಲ್ಲವರು ಬೇಕು. ಸ್ಪ್ರಿಂಗಿನದರಲ್ಲಿ ಮೋಟಾರು, ಬೆಲ್ಟು, ಚಕ್ರ, ಲಾರಿಯದರಂಥ ಪಟ್ಟಿಗಳ ಕಟ್ಟು ಇಷ್ಟೇ. ಮುರಿದ ಪಟ್ಟಿಯನ್ನು ಹುಬ್ಬಳ್ಳಿಯಿಂದ ತಂದು ನಾವೇ ಕೂರಿಸಬಹುದು. ನಮ್ಮ ಕಡೆಗೆ ಸ್ಪ್ರಿಂಗಿನದೇ ಸರಿ ಎಂಬುದು ನನ್ನ ಅಭಿಪ್ರಾಯ.

ಹಣದ ವಿಷಯ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಕಮ್ಮಾರರೂ ಸೇರಿದ್ದಾರೆ. ಉಪಕರಣಕ್ಕೆ ಸಿಗುವ 15,000 ರೂಪಾಯಿಯಲ್ಲಿ ಹ್ಯಾಮರ್ ಬರುವುದಿಲ್ಲ. ಅದರಲ್ಲಿ ಬ್ಲೋವರ್, ಗ್ರೈಂಡರ್ ಕೊಳ್ಳಿ. ಅದೇ ಯೋಜನೆಯಲ್ಲಿ ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ರೂಪಾಯಿ ಸಾಲ ಜಾಮೀನಿಲ್ಲದೆ ದೊರೆಯುತ್ತದೆ, ವಿಚಾರಿಸಬೇಕಾದದ್ದು ಅದನ್ನು. ತೋಟದ ಪಂಪ್‌ಸೆಟ್ಟಿನ ತ್ರೀ ಫೇಸಿನಲ್ಲಿ ಓಡಿಸಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ, ಓಡಿಸಕೂಡದು. ಅದು ಕಾನೂನಿಗೆ ವಿರುದ್ಧ. ಹೆಸ್ಕಾಂನಿಂದ ಕೈಗಾರಿಕಾ ಸಂಪರ್ಕವನ್ನೇ ಪಡೆಯಿರಿ.

ಇನ್ನು ನೆಲ. ನಮ್ಮ ಜಿಲ್ಲೆಯಲ್ಲಿ ಯಂತ್ರಕ್ಕಿಂತ ಮೊದಲು ಯೋಚಿಸಬೇಕಾದದ್ದು ಇದನ್ನೇ. ಕಾರವಾರ, ಅಂಕೋಲಾ, ಕುಮಟಾದ ಮರಳು ನೆಲದಲ್ಲಿ ಮಳೆಗಾಲಕ್ಕೆ ನಾಲ್ಕಡಿ ತೋಡಿದರೆ ನೀರು ನಿಲ್ಲುತ್ತದೆ. ಘಟ್ಟದ ಮೇಲೆ ಚಿರೆಕಲ್ಲಿನ ನೆಲ ಗಟ್ಟಿಯಾಗಿ ಕಂಡರೂ ಆಷಾಢದಲ್ಲಿ ಜಲ ಒಸರುತ್ತದೆ. ಅಡಿಗಲ್ಲಿನ ಕೆಳಗೆ ಮರದ ದಿಮ್ಮಿ ಇಡುವ ಹಳೆಯ ಕ್ರಮ ಒಳ್ಳೆಯದೇ, ಆದರೆ ಹೊಂಡದಲ್ಲಿ ನೀರು ನಿಂತರೆ ಆ ಮರ ಕೊಳೆತು ಯಂತ್ರ ವಾಲುತ್ತದೆ. ಆದ್ದರಿಂದ ಸಾಲೆಯ ನೆಲವನ್ನು ಹೊರಗಿನ ಅಂಗಳಕ್ಕಿಂತ ಎತ್ತರಿಸಿ, ದಿಮ್ಮಿಯ ಬದಲು ಹಳೆಯ ಕನ್ವೇಯರ್ ಬೆಲ್ಟಿನ ದಪ್ಪ ರಬ್ಬರನ್ನು ಹಾಸುವುದು ಮೇಲು. ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದ, ಒಂದು ಮೀಟರ್ ಆಳದ ಕಾಂಕ್ರೀಟ್ ಗಟ್ಟಿಯ ತೂಕ ಸುಮಾರು 3.6 ಟನ್ ಆಗುತ್ತದೆ, 25 ಕೆ.ಜಿ.ಯ ಹ್ಯಾಮರಿಗೆ ಅದು ಧಾರಾಳ. ಈ ಗಟ್ಟಿಗೂ ಸಾಲೆಯ ನೆಲ ಮತ್ತು ಗೋಡೆಗೂ ನಡುವೆ ಸಂದಿ ಬಿಟ್ಟು ಮರಳು ತುಂಬಬೇಕು. ಇಲ್ಲದಿದ್ದರೆ ಒಂದೇ ವರ್ಷದಲ್ಲಿ ಚಿರೆಕಲ್ಲಿನ ಗೋಡೆಯ ಸಂದುಗಳು ಬಾಯಿ ಬಿಡುತ್ತವೆ, ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ, ಅವರು ಬರುವುದು ನ್ಯಾಯವೇ.

ಹೊಂಡ ತೋಡಲು ಸರಿಯಾದ ಕಾಲ ಫೆಬ್ರವರಿ, ಮಾರ್ಚ್. ಅಡಿಕೆ ಕೊಯ್ಲಿನ ಕತ್ತಿಗಳ ಗಡಿಬಿಡಿ ಅಷ್ಟರಲ್ಲಿ ಮುಗಿದಿರುತ್ತದೆ, ನೆಲದ ನೀರು ಕೆಳಗಿಳಿದಿರುತ್ತದೆ. ಕಾಂಕ್ರೀಟಿಗೆ ಪೂರ್ತಿ ಬಲ ಬರಲು 28 ದಿನ ಬಿಟ್ಟು, ಬೋಲ್ಟು ಬಿಗಿದು, ಮೇ ತಿಂಗಳೊಳಗೆ ಯಂತ್ರವನ್ನು ಕೂರಿಸಿಬಿಡಿ. ಹಿಂದೆ ಹೇಳಿದ ಆ ಯುವಕ ನನ್ನ ಮಾತು ಕೇಳದೆ 65 ಕೆ.ಜಿ.ಯದನ್ನೇ ಕೊಂಡು ಜೂನ್ ತಿಂಗಳಲ್ಲಿ ಹೊಂಡ ತೋಡಿಸಿದ, ನೀರು ಎತ್ತಿಸುವುದಕ್ಕೇ ಪಂಪು ಇಡಬೇಕಾಯಿತು.