ಜಪಾನ್‌ನಲ್ಲಿ ಚಾಪೆ ಮೇಲೆ ಮಲಗಿ ಬರಬೇಕು ಅನ್ನುವವರಿಗೆ

ಜಪಾನ್‌ಗೆ ಹೊರಟವರು ಮೊದಲು ನೋಡಬೇಕಾದ ಜಾಗಗಳ ಪಟ್ಟಿ ಮಾಡುತ್ತಾರೆ. ಟೋಕಿಯೋ, ಫುಜಿ ಬೆಟ್ಟ, ಕ್ಯೋಟೋ, ನಾರಾ. ಮಲಗೋಕೆ ಎಲ್ಲೋ ಒಂದು ಹೋಟೆಲ್ ಸಿಕ್ಕರೆ ಸಾಕು ಅಂತ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಆದರೆ ಅಲ್ಲಿನ ಹಳೇ ಶೈಲಿಯ ಮನೆಗಳಲ್ಲಿ ಉಳಿದು ಬರುವ ಆಸೆ ಇದ್ದರೆ ಈ ಲೆಕ್ಕ ಉಲ್ಟಾ ಮಾಡಬೇಕು. ಮೊದಲು ಆ ರಾತ್ರಿಗಳನ್ನು ಗೊತ್ತು ಮಾಡಿಕೊಳ್ಳಿ. ಉಳಿದದ್ದನ್ನೆಲ್ಲ ಅದರ ಸುತ್ತ ಹೊಂದಿಸಿ.

ಕಾರಣ ಸರಳ. ರಿಯೋಕಾನ್ ಅನ್ನುವ ಸಾಂಪ್ರದಾಯಿಕ ತಂಗುಮನೆಯಲ್ಲಿ ದರ ರೂಮಿಗೆ ಹಾಕುವುದಿಲ್ಲ, ತಲೆಗೆ ಹಾಕುತ್ತಾರೆ. ರಾತ್ರಿ ಊಟ, ಬೆಳಗಿನ ತಿಂಡಿ, ಬಿಸಿನೀರಿನ ಸ್ನಾನ ಎಲ್ಲ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ರೂಮು ಕೊಡುತ್ತಾರೆ. ಸಂಜೆ ಆರಕ್ಕೆಲ್ಲ ಊಟ ಶುರು. ಊರೆಲ್ಲ ಸುತ್ತಿ ರಾತ್ರಿ ಒಂಬತ್ತಕ್ಕೆ ಬಾಗಿಲು ತಟ್ಟಿದರೆ ಕೊಟ್ಟ ದುಡ್ಡಿನಲ್ಲಿ ಅರ್ಧ ನೀರಿಗೆ ಹಾಕಿದ ಹಾಗೆ. ರೈಲು ತಡವಾಯಿತು ಅಂದರೆ ಫೋನ್ ಮಾಡಿ ಹೇಳಲೇಬೇಕು. ನಿಮ್ಮ ಊಟ ಅಷ್ಟೊತ್ತಿಗೆ ಅರ್ಧ ತಯಾರಾಗಿರುತ್ತದೆ.

ಸಸ್ಯಾಹಾರಿಗಳಿಗೆ ಇನ್ನೊಂದು ತೊಡಕು ಇದೆ. ನಾನು ಅಮ್ಮನ ಜೊತೆ ಹೋಗಿದ್ದೆ. ಅವರು ಮೊಟ್ಟೆಯನ್ನೂ ಮುಟ್ಟುವವರಲ್ಲ. ಜಪಾನಿ ಅಡುಗೆಗೆ ಬುನಾದಿಯೇ ದಾಶಿ ಅನ್ನುವ ತಿಳಿಸಾರು. ಸಾಮಾನ್ಯವಾಗಿ ಅದನ್ನು ಒಣಗಿಸಿದ ಮೀನಿನ ಚೂರಿನಿಂದ ತೆಗೆಯುತ್ತಾರೆ. ಮೀಸೋ ಸೂಪು, ಬೇಯಿಸಿದ ತರಕಾರಿ, ನೂಡಲ್ಸ್‌ನ ರಸ, ಎಲ್ಲದರಲ್ಲೂ ಅದು ಇರುತ್ತದೆ. ಮಾಂಸ ಬೇಡ ಅಂದರೆ ಮೀನು ಬರುತ್ತದೆ. ಮೀನೂ ಬೇಡ ಅಂದರೆ ಮೀನಿನ ಸಾರಿನಲ್ಲಿ ಬೆಂದ ಮೂಲಂಗಿ ಬರುತ್ತದೆ. ಬಡಿಸುವವರಿಗೆ ಅದು ಅಪ್ಪಟ ತರಕಾರಿಯೇ, ಅವರ ತಪ್ಪೇನಿಲ್ಲ. ಆದ್ದರಿಂದ ಬುಕ್ ಮಾಡುವಾಗಲೇ ಬಿಡಿಸಿ ಬರೆಯಿರಿ: ನಿಕು (ಮಾಂಸ), ಸಕಾನಾ (ಮೀನು), ತಮಾಗೊ (ಮೊಟ್ಟೆ), ಕತ್ಸುಒ ದಾಶಿ (ಮೀನಿನ ತಿಳಿಸಾರು), ನಾಲ್ಕೂ ಬೇಡ ಅಂತ. ಇದನ್ನೇ ಜಪಾನಿ ಲಿಪಿಯಲ್ಲಿ ಒಂದು ಚೀಟಿ ಮಾಡಿ ಜೇಬಿನಲ್ಲಿಟ್ಟುಕೊಳ್ಳಿ. ಕೆಲವು ರಿಯೋಕಾನ್‌ಗಳು ನಮ್ಮಿಂದ ಆಗುವುದಿಲ್ಲ ಅಂತ ನೇರವಾಗಿ ಹೇಳಿಬಿಡುತ್ತವೆ. ಅದೇ ಒಳ್ಳೆಯದು, ಅಲ್ವಾ?

ಇಷ್ಟೆಲ್ಲ ತಲೆನೋವು ಇಲ್ಲದ ಜಾಗ ಒಂದಿದೆ. ಅದು ಕೋಯಾಸಾನ್. ನನ್ನನ್ನು ಕೇಳಿದರೆ ಕರ್ನಾಟಕದಿಂದ ಹೋಗುವ ಸಸ್ಯಾಹಾರಿಗಳು ಚಾಪೆ ಮನೆಯ ಅನುಭವವನ್ನು ಅಲ್ಲಿಂದಲೇ ಶುರು ಮಾಡಬೇಕು.

ಕೋಯಾಸಾನ್ ಇರುವುದು ವಾಕಾಯಾಮಾ ಪ್ರಾಂತ್ಯದಲ್ಲಿ, ಸುಮಾರು 800 ಮೀಟರ್ ಎತ್ತರದ ಬೆಟ್ಟದ ಮೇಲೆ. ಕೂಕಾಯ್ ಎಂಬ ಬೌದ್ಧ ಗುರು 816ರಲ್ಲಿ ಈ ಜಾಗ ಪಡೆದು ಶಿಂಗೋನ್ ಪಂಥದ ಮಠ ಕಟ್ಟಿಸಿದರು. ಈಗ ಅಲ್ಲಿ ನೂರಕ್ಕೂ ಹೆಚ್ಚು ದೇವಸ್ಥಾನಗಳಿವೆ. ಸುಮಾರು ಐವತ್ತು ದೇವಸ್ಥಾನಗಳಲ್ಲಿ ಯಾತ್ರಿಕರಿಗೆ ಉಳಿಯಲು ಕೊಡುತ್ತಾರೆ. ಇದಕ್ಕೆ ಶುಕುಬೋ ಅನ್ನುತ್ತಾರೆ. ನಮ್ಮ ಮಠಗಳ ಯಾತ್ರಿ ನಿವಾಸ ನೆನಪಿಸಿಕೊಳ್ಳಿ, ಆದರೆ ದರ ಹಾಗಲ್ಲ. ಎರಡು ಹೊತ್ತಿನ ಊಟ ಸೇರಿ ಒಬ್ಬರಿಗೆ 15,000 ಯೆನ್ ಆಸುಪಾಸಿನಿಂದ ಶುರುವಾಗುತ್ತದೆ. ತೋಟ ಕಾಣುವ ರೂಮು ಬೇಕು ಅಂದರೆ ಇನ್ನೂ ಜಾಸ್ತಿ. ಬಜೆಟ್ ಹಾಕೋಕೆ 100 ಯೆನ್‌ಗೆ 60 ರೂಪಾಯಿ ಅಂತ ಹಿಡಿಯಿರಿ.

ಒಸಾಕಾದ ನಂಬಾ ಸ್ಟೇಷನ್‌ನಿಂದ ನಾನ್‌ಕಾಯ್ ಕಂಪನಿಯ ರೈಲು ಹಿಡಿದು ಗೊಕುರಾಕುಬಾಶಿಯಲ್ಲಿ ಇಳಿಯಬೇಕು. ಅಲ್ಲಿಂದ ಕೇಬಲ್ ಕಾರ್, ಐದು ನಿಮಿಷ. ಮೇಲೆ ಹೋದಮೇಲೆ ಬಸ್. ಸ್ಟೇಷನ್‌ನಿಂದ ಊರಿಗೆ ಹೋಗುವ ಆ ರಸ್ತೆ ಬಸ್ಸಿಗೆ ಮಾತ್ರ, ನಡೆದು ಹೋಗೋಣ ಅಂದುಕೊಳ್ಳಬೇಡಿ. ಎಲ್ಲ ಸೇರಿ ಎರಡು ಗಂಟೆ ಇಟ್ಟುಕೊಳ್ಳಿ. ಜೆಆರ್ ಪಾಸ್, ಅಂದರೆ ಜೆಆರ್ ಕಂಪನಿಗಳ ರೈಲುಗಳಲ್ಲಿ ಇಷ್ಟು ದಿನ ಅಂತ ಓಡಾಡಲು ಪ್ರವಾಸಿಗರು ಕೊಳ್ಳುವ ಪಾಸ್, ಈ ರೈಲಿಗೆ ನಡೆಯುವುದಿಲ್ಲ. ಹೋಗಿ ಬರುವ ರೈಲು, ಕೇಬಲ್ ಕಾರ್, ಬೆಟ್ಟದ ಮೇಲಿನ ಬಸ್ಸು ಎಲ್ಲ ಸೇರಿದ ಟಿಕೆಟ್ಟನ್ನು ನಾನ್‌ಕಾಯ್‌ನವರೇ ಮಾರುತ್ತಾರೆ, ಅದನ್ನೇ ತಗೊಳ್ಳಿ. ದೊಡ್ಡ ಸೂಟ್‌ಕೇಸ್ ಮಾತ್ರ ಮೇಲೆ ಒಯ್ಯಬೇಡಿ. ಒಸಾಕಾದ ಹೋಟೆಲಿನ ಕೌಂಟರ್‌ನಲ್ಲೇ ಕೊಟ್ಟು ಕ್ಯೋಟೋದ ಮುಂದಿನ ಹೋಟೆಲಿಗೆ ಕಳಿಸಬಹುದು. ತಕ್ಯುಬಿನ್ ಅಂತ ಕೇಳಿ. ಸಾಮಾನ್ಯವಾಗಿ ಮಾರನೇ ದಿನ ತಲುಪಿರುತ್ತದೆ. ಒಂದು ಜೊತೆ ಬಟ್ಟೆ, ಮಾತ್ರೆಗಳು, ದಪ್ಪ ಸಾಕ್ಸ್ ಬೆನ್ನಿನ ಚೀಲದಲ್ಲಿ ಸಾಕು.

ಬಸ್ಸು ಊರಿನೊಳಗೆ ಬರುವಾಗ ಮೊದಲು ಸಿಗುವುದು ನ್ಯೋನಿಂದೋ ಎಂಬ ಸಣ್ಣ ಮರದ ಗುಡಿ. 1872ರವರೆಗೆ ಹೆಂಗಸರಿಗೆ ಈ ಬೆಟ್ಟದ ಊರೊಳಗೆ ಪ್ರವೇಶ ಇರಲಿಲ್ಲ. ಇಲ್ಲಿಂದಲೇ ಕೈಮುಗಿದು ವಾಪಸ್ ಹೋಗಬೇಕಿತ್ತು. ಇದನ್ನು ಹೇಳಿದಾಗ ಅಮ್ಮ, "ಎಲ್ಲಾ ಕಡೆ ಇದೇ ಕಥೆ" ಅಂದರು.

ಈಗ ಊಟದ ವಿಷಯ. ಇಲ್ಲಿಯದು ಶೋಜಿನ್ ರ್ಯೋರಿ, ಅಂದರೆ ಭಿಕ್ಷುಗಳ ಅಡುಗೆ. ಮಾಂಸ, ಮೀನು, ಮೊಟ್ಟೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲ. ತಿಳಿಸಾರನ್ನು ಕೊಂಬು ಅನ್ನುವ ಸಮುದ್ರದ ಪಾಚಿ ಮತ್ತು ಒಣ ಅಣಬೆಯಿಂದ ತೆಗೆಯುತ್ತಾರೆ. ಅಣಬೆ ತಿನ್ನದವರು ಮೊದಲೇ ಹೇಳಿ. ಮೊಣಕಾಲೆತ್ತರವೂ ಇಲ್ಲದ ಅರಗಿನ ಹೊಳಪಿನ ಮಣೆಗಳ ಮೇಲೆ ಹತ್ತಾರು ಪುಟ್ಟ ಬಟ್ಟಲುಗಳು. ಅದರಲ್ಲಿ ಬಿಡಬಾರದ್ದು ಗೊಮಾ ದೋಫು. ಹೆಸರಿಗೆ ತೋಫು, ಆದರೆ ಸೋಯಾ ಇಲ್ಲ. ಎಳ್ಳು ರುಬ್ಬಿ ಹಾಲು ತೆಗೆದು ಕುದ್ಜು ಗೆಡ್ಡೆಯ ಹಿಟ್ಟಿನ ಜೊತೆ ಕಾಯಿಸಿ ಗಟ್ಟಿ ಮಾಡಿದ್ದು. ಚಾಪ್‌ಸ್ಟಿಕ್‌ಗೆ ಒಂದಿಷ್ಟು ಅಂಟುತ್ತದೆ, ಬಾಯಿಗಿಟ್ಟರೆ ಕರಗುತ್ತದೆ. ಮೇಲೆ ಹಸಿರು ವಸಾಬಿಯ ಚುಕ್ಕೆ, ಕೆಳಗೆ ಎರಡು ಹನಿ ಸೋಯಾ ಸಾಸ್. ಅಮ್ಮ ನೋಡಿದ ತಕ್ಷಣ "ಇದು ಹಾಲುಬಾಯಿ" ಅಂದರು, ಬೆಲ್ಲ ಹಾಕಿಲ್ಲ ಅಂತ ಒಂದು ತಕರಾರು ಬೇರೆ. ಖಾರ, ಒಗ್ಗರಣೆ ನಿರೀಕ್ಷೆ ಮಾಡಿದರೆ ನಿರಾಸೆ ಖಂಡಿತ. ಚಟ್ನಿಪುಡಿ ಡಬ್ಬಿಯನ್ನು ಊಟದ ಕೋಣೆಗೆ ತರಬೇಡಿ ಅಂತ ನನ್ನ ಕೋರಿಕೆ. ಒಂದು ರಾತ್ರಿ ಅವರ ರುಚಿಯನ್ನು ಅವರ ಹಾಗೇ ತಿಂದು ನೋಡಿ.

ನೀವು ಊಟಕ್ಕೆ ಹೋದಾಗ ರೂಮಿನಲ್ಲಿ ಹಾಸಿಗೆ ಹಾಸಿರುತ್ತಾರೆ. ತತಾಮಿ ಅಂದರೆ ಹುಲ್ಲಿನ ದಪ್ಪ ಚಾಪೆಯ ನೆಲ, ಅದರ ಮೇಲೆ ಫುತೋನ್ ಹಾಸಿಗೆ. ಬಾಗಿಲು ಮರದ ಚೌಕಟ್ಟಿಗೆ ಕಾಗದ ಅಂಟಿಸಿದ್ದು. ಪಕ್ಕದ ರೂಮಿನ ಕೆಮ್ಮು ಕೇಳಿಸುತ್ತದೆ. ಹಳೇ ದೇವಸ್ಥಾನಗಳಲ್ಲಿ ಬಾಗಿಲಿಗೆ ಬೀಗ ಇಲ್ಲದಿರುವುದೂ ಉಂಟು. ಶೌಚಾಲಯ, ಸ್ನಾನ ಹಲವು ಕಡೆ ಹಂಚಿಕೊಳ್ಳಬೇಕು. ಇದು ಒಗ್ಗಲ್ಲ ಅನ್ನುವವರು ರೂಮಿಗೇ ಬಾತ್‌ರೂಮ್ ಇರುವ ಶುಕುಬೋ ಹುಡುಕಿ, ಇವೆ, ದುಬಾರಿ.

ಬೆಳಿಗ್ಗೆ ಆರು, ಆರೂವರೆಗೆ ಪೂಜೆ. ಕಡ್ಡಾಯವಲ್ಲ, ಆದರೆ ಅದಕ್ಕಾಗಿಯೇ ತಾನೇ ಬಂದಿರುವುದು? ಕತ್ತಲೆಯ ಗರ್ಭಗುಡಿ, ನೂರಾರು ಹಿತ್ತಾಳೆ ದೀಪ, ಒಂದೇ ಶ್ರುತಿಯಲ್ಲಿ ಸಾಗುವ ಮಂತ್ರ. ಕೆಲವು ಕಡೆ, ಉದಾಹರಣೆಗೆ ಎಕೋ-ಇನ್‌ನಲ್ಲಿ, ಬೆಳಿಗ್ಗೆ ಗೋಮಾ ಎಂಬ ಅಗ್ನಿಕಾರ್ಯವೂ ಇರುತ್ತದೆ. ಅದು ನಮ್ಮ ಹೋಮದ್ದೇ ವಂಶ, ಚೀನಾ ದಾಟಿ ಅಲ್ಲಿಗೆ ಹೋದದ್ದು. ಸಮಿತ್ತು ಅಡ್ಡಡ್ಡ ಜೋಡಿಸಿ ಬೆಂಕಿ ಹಚ್ಚುವುದನ್ನು ಪಕ್ಕದಲ್ಲಿದ್ದ ವಿದೇಶಿಯರು ಬೆರಗಾಗಿ ನೋಡುತ್ತಿದ್ದರೆ, ಅಮ್ಮ ತುಪ್ಪ ಯಾವಾಗ ಹಾಕುತ್ತಾರೆ ಅಂತ ಕಾಯುತ್ತಿದ್ದರು.

ಓಕುನೊಯಿನ್ ಸ್ಮಶಾನಕ್ಕೆ ಎರಡು ಸಲ ಹೋಗಿ, ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ. ಇಚಿನೊಹಾಶಿ ಸೇತುವೆಯಿಂದ ಕೂಕಾಯ್ ಸಮಾಧಿಯವರೆಗೆ ಎರಡು ಕಿಲೋಮೀಟರ್ ದಾರಿ. ಎರಡೂ ಕಡೆ ಆಕಾಶಕ್ಕೆ ಮುಟ್ಟುವ ಸೀಡರ್ ಮರಗಳು, ಪಾಚಿಗಟ್ಟಿದ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿ ಕಲ್ಲುಗಳು. ಐದು ಹಂತದ ಕಲ್ಲುಗಳ ಮೇಲೆ ಸಿದ್ಧಂ ಎಂಬ, ಸಂಸ್ಕೃತ ಬರೆಯುವ ಹಳೇ ಲಿಪಿಯ ಬೀಜಾಕ್ಷರಗಳಿರುತ್ತವೆ. ನಾಗರಿ ಓದುವವರು ಸ್ವಲ್ಪ ಹೊತ್ತು ನಿಂತರೆ ಒಂದೆರಡು ಗುರುತು ಸಿಗಬಹುದು. ಹೊಸ ಭಾಗದಲ್ಲಿ ಕಂಪನಿಗಳು ಕಟ್ಟಿಸಿದ ಸ್ಮಾರಕಗಳಿವೆ. ಗೆದ್ದಲು ನಿವಾರಣೆ ಮಾಡುವವರು ತಾವು ಕೊಂದ ಗೆದ್ದಲುಗಳಿಗೇ ಒಂದು ಕಲ್ಲು ನೆಡಿಸಿದ್ದಾರೆ! ಕೂಕಾಯ್ 835ರಿಂದ ಇನ್ನೂ ಧ್ಯಾನದಲ್ಲೇ ಇದ್ದಾರೆ ಅನ್ನುವುದು ಅಲ್ಲಿಯವರ ನಂಬಿಕೆ. ಹಾಗಾಗಿ ದಿನಕ್ಕೆರಡು ಸಲ, ಬೆಳಿಗ್ಗೆ ಆರಕ್ಕೆ ಮತ್ತು ಹತ್ತೂವರೆಗೆ, ಮರದ ಪೆಟ್ಟಿಗೆಯಲ್ಲಿ ಊಟ ಹೊತ್ತು ತರುತ್ತಾರೆ. ಪೂಜೆ, ತಿಂಡಿ ಮುಗಿಸಿ ಹೊರಟರೆ ಹತ್ತೂವರೆಯದು ಸಿಗುತ್ತದೆ. ಕೊನೆಯ ಸೇತುವೆ ದಾಟಿದ ಮೇಲೆ ಫೋಟೋ ತೆಗೆಯುವಂತಿಲ್ಲ.

ಚಪ್ಪಲಿ, ಸ್ನಾನದ ವಿಷಯಕ್ಕೆ ಸುಮ್ನೆ ಹೆದರುವುದು ಬೇಡ. ಚಪ್ಪಲಿ ಹೊರಗೆ ಬಿಡುವುದು ನಮಗೆ ಹೊಸತಲ್ಲ. ಒಳಗೆ ಕೊಡುವ ಸ್ಲಿಪ್ಪರನ್ನೂ ತತಾಮಿಗೆ ಕಾಲಿಡುವ ಮೊದಲು ಬಿಡಬೇಕು. ಶೌಚಾಲಯದ ಸ್ಲಿಪ್ಪರ್ ಬೇರೆ, ಅದರಲ್ಲೇ ಹೊರಗೆ ಬರಬಾರದು. ಯುಕಾತಾ, ಅಂದರೆ ಅಲ್ಲಿ ಉಡಲು ಕೊಡುವ ತೆಳು ಹತ್ತಿ ನಿಲುವಂಗಿ, ಉಡುವಾಗ ಎಡ ಸೆರಗು ಮೇಲೆ ಬರಲಿ. ಬಲ ಸೆರಗು ಮೇಲೆ ಬರುವುದು ಶವಕ್ಕೆ ಉಡಿಸುವಾಗ. ಸ್ನಾನದ ಮನೆಯಲ್ಲಿ ಗಂಡಸರು, ಹೆಂಗಸರಿಗೆ ಬೇರೆ ಬೇರೆ ತೊಟ್ಟಿ. ಬಟ್ಟೆ ಪೂರ್ತಿ ತೆಗೆದು, ಕುಳಿತು ಸೋಪು ಹಚ್ಚಿ ತೊಳೆದುಕೊಂಡ ಮೇಲೆಯೇ ತೊಟ್ಟಿಗೆ ಇಳಿಯಬೇಕು. ಮುಜುಗರ ಆಗುವವರು ಕಾಶಿಕಿರಿ, ಅಂದರೆ ಖಾಸಗಿ ಸ್ನಾನ, ಇರುವ ಕಡೆ ರೂಮು ಮಾಡಿ. ಇಲ್ಲದಿದ್ದರೆ ಎಲ್ಲರೂ ಊಟಕ್ಕೆ ಹೋಗುವ ಮುಂಚೆ ನಾಲ್ಕು ಗಂಟೆಗೆ ಹೋಗಿ, ತೊಟ್ಟಿ ಹೆಚ್ಚುಕಮ್ಮಿ ಖಾಲಿ ಇರುತ್ತದೆ.

ಬಿಸಿನೀರಿನ ಬುಗ್ಗೆಯ ಊರೂ ನೋಡಬೇಕು ಅಂದರೆ ಕ್ಯೋಟೋದಿಂದ ರೈಲಿನಲ್ಲಿ ಎರಡೂವರೆ ಗಂಟೆ ದೂರದ ಕಿನೊಸಾಕಿ ಚೆನ್ನಾಗಿದೆ. ಏಳು ಸಾರ್ವಜನಿಕ ಸ್ನಾನದ ಮನೆಗಳಿಗೆ ಹೆಸರಾದ ಊರು. ಯುಕಾತಾ ಉಟ್ಟು, ಮರದ ಚಪ್ಪಲಿ ಟಕ್ ಟಕ್ ಅನ್ನಿಸಿಕೊಂಡು ಕಾಲುವೆ ಪಕ್ಕ ಓಡಾಡಬಹುದು. ಆದರೆ ಚಳಿಗಾಲದಲ್ಲಿ ಇಡೀ ಊರು ಏಡಿ ತಿನ್ನಲು ಬರುವವರದ್ದು. ಸಸ್ಯಾಹಾರಿಗಳು ಊಟ ಇಲ್ಲದ ದರದಲ್ಲಿ, ಸುದೋಮಾರಿ ಅಂತ ಕೇಳಿ ಒಂದು ರಾತ್ರಿ ಉಳಿದರೆ ಸಾಕು. ರಾತ್ರಿಗೆ ಏನಾದರೂ ಕೈಯಲ್ಲಿರಲಿ.

ಕಾಗದಪತ್ರದ ಕೆಲಸ ಈಗ ಸುಲಭ. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಪ್ರವಾಸಿ ಇ-ವೀಸಾ ಇದೆ. ಅಲ್ಲಿ ಇಳಿದಾಗ ಫೋನಿನಲ್ಲಿ ನೆಟ್ ಹಾಕಿ ತೆರೆದು ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಬೆಂಗಳೂರಿನಿಂದ ಟೋಕಿಯೋದ ನರೀತಾಗೆ ನೇರ ವಿಮಾನ ಇದೆ. ಕೋಯಾಸಾನ್‌ನಿಂದ ಶುರು ಮಾಡುವವರಿಗೆ ಸಿಂಗಾಪುರ ಅಥವಾ ಬ್ಯಾಂಕಾಕ್ ಮೇಲೆ ಒಸಾಕಾದ ಕನ್ಸಾಯ್‌ಗೆ ಇಳಿದು, ನರೀತಾದಿಂದ ವಾಪಸ್ ಬರುವುದು ಅನುಕೂಲ. ಜೆಆರ್ ಪಾಸ್ ಕಣ್ಣುಮುಚ್ಚಿ ಕೊಳ್ಳುವ ಕಾಲ ಹೋಯಿತು. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಕ್ಯೋಟೋ-ಟೋಕಿಯೋ ಬುಲೆಟ್ ರೈಲಿಗೆ ಒಂದು ಕಡೆಗೆ 14,000 ಯೆನ್ ಸುಮಾರು. ಒಂದೇ ಸಲ ಹೋಗುವುದಾದರೆ ಬಿಡಿ ಟಿಕೆಟ್ಟೇ ಲಾಭ. ಹಸಿ ಕರಿಬೇವು, ಹಣ್ಣು ಒಯ್ಯಬೇಡಿ. ನೆಗಡಿ ಮಾತ್ರೆಯಲ್ಲಿ ಸೂಡೋಎಫೆಡ್ರಿನ್ ಇದೆಯಾ ನೋಡಿಕೊಳ್ಳಿ, ಅದಕ್ಕೆ ಅಲ್ಲಿ ಕಟ್ಟುನಿಟ್ಟಿನ ಮಿತಿ ಇದೆ. ಬೆಟ್ಟದ ಮೇಲೆ ನಗದು ಇರಲಿ. ಸೆವೆನ್ ಇಲೆವೆನ್ ಅಂಗಡಿಗಳ ಎಟಿಎಂ ನಮ್ಮ ಇಂಟರ್‌ನ್ಯಾಷನಲ್ ಕಾರ್ಡ್‌ಗಳನ್ನು ತೆಗೆದುಕೊಳ್ಳುತ್ತದೆ.

ಮಂಡಿನೋವು ಇರುವ ಹಿರಿಯರ ಜೊತೆ ಹೋಗುವವರು ಬುಕ್ ಮಾಡುವಾಗಲೇ ಕುರ್ಚಿ ಕೇಳಿ. ಊಟಕ್ಕೂ ಪೂಜೆಗೂ ಸಣ್ಣ ಸ್ಟೂಲು ಹಾಕಿಕೊಡುವ ದೇವಸ್ಥಾನಗಳಿವೆ. ಫುತೋನ್ ತೆಳು ಅನ್ನಿಸಿದರೆ ಇನ್ನೊಂದು ಕೇಳಿ, ಕೊಡುತ್ತಾರೆ. ಬೆಟ್ಟದ ಮೇಲೆ ಒಸಾಕಾಗಿಂತ ಚಳಿ ಜಾಸ್ತಿ. ಎಲೆ ಕೆಂಪಾಗುವ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರಕ್ಕೆ ತಿಂಗಳುಗಳ ಮುಂಚೆಯೇ ರೂಮು ಹಿಡಿಯಬೇಕು. ಏಪ್ರಿಲ್ ಕೊನೆಯ ಗೋಲ್ಡನ್ ವೀಕ್ ರಜೆ, ಆಗಸ್ಟ್ ಮಧ್ಯದ ಓಬೋನ್ ಹಬ್ಬ ಆದಷ್ಟು ತಪ್ಪಿಸಿ. ಶನಿವಾರ ಸಿಗಲಿಲ್ಲ ಅಂದರೆ ಮಂಗಳವಾರ, ಬುಧವಾರ ನೋಡಿ. ಸಿಗುವ ಸಾಧ್ಯತೆ ಜಾಸ್ತಿ, ದರವೂ ಎಷ್ಟೋ ಸಲ ಕಮ್ಮಿ ಇರುತ್ತದೆ.