ದೋಶಿಯವರ ಅಹಮದಾಬಾದ್: ಮೊದಲು ಹಳೇ ಊರಿಗೆ ಹೋಗಿ

ಬನ್ನೇರುಘಟ್ಟ ರಸ್ತೆಯ ಐಐಎಂ ಒಳಗೆ ನಾನು ಮೊದಲ ಸಲ ಕಾಲಿಟ್ಟಿದ್ದು ಎರಡು ದಿನದ ಒಂದು ತರಬೇತಿಗೆ. ಬೂದು ಕಲ್ಲಿನ ಗೋಡೆ, ತಲೆಯ ಮೇಲೆ ಕಾಂಕ್ರೀಟಿನ ಜಂತಿಗಳ ಸಾಲು, ಅವುಗಳ ನಡುವೆ ಇಳಿಬಿದ್ದ ಬಳ್ಳಿ, ನೆಲದ ಮೇಲೆ ಪಟ್ಟೆ ಪಟ್ಟೆ ಬಿಸಿಲು. ಒಳಗಿದ್ದೀನೋ ಹೊರಗಿದ್ದೀನೋ ತಿಳಿಯುತ್ತಿರಲಿಲ್ಲ. ಊಟಕ್ಕೆ ಹೊರಟವರೆಲ್ಲ ಆ ಕಾರಿಡಾರಿನಲ್ಲಿ ಯಾರೂ ಹೇಳದೆಯೇ ನಡಿಗೆ ನಿಧಾನ ಮಾಡುತ್ತಿದ್ದರು. ಇದರ ವಿನ್ಯಾಸ ಮಾಡಿದವರು ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಅಂತ ಗೊತ್ತಾಯಿತು. ಅವರ ಊರಾದ ಅಹಮದಾಬಾದನ್ನು ನೋಡಲೇಬೇಕು ಅಂದುಕೊಂಡೆ. ಹೋಗಿಬರಲು ಕೆಲವು ವರ್ಷ ಹಿಡಿಯಿತು. ಕೊನೆಗೆ ಒಂದು ಡಿಸೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ನಾಲ್ಕು ದಿನ ಇದ್ದು ಬಂದೆವು.

ಹೋಗುವ ಮುಂಚೆ ಅವರ ಬಗ್ಗೆ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ಹುಟ್ಟಿದ್ದು 1927ರಲ್ಲಿ, ಪುಣೆಯಲ್ಲಿ. ಮನೆಯವರದ್ದು ಮರದ ಪೀಠೋಪಕರಣದ ಕೆಲಸ. ಮನೆಮಂದಿ ಹೆಚ್ಚಿದ ಹಾಗೆ ಅವರ ಮನೆಯೂ ಕೋಣೆ ಕೋಣೆಯಾಗಿ ಬೆಳೆಯುತ್ತಾ ಹೋಯಿತು. ಮುಂಬೈಯ ಜೆ.ಜೆ. ಶಾಲೆಯಲ್ಲಿ ಓದಿ, ಲಂಡನ್ನಿಗೆ ಹೋಗಿ, 1951ರಲ್ಲಿ ಪ್ಯಾರಿಸ್ಸಿನಲ್ಲಿ ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಅವರ ಕಚೇರಿ ಸೇರಿದರು. ಮೊದಲ ಎಂಟು ತಿಂಗಳು ಸಂಬಳ ಇಲ್ಲ, ಫ್ರೆಂಚ್ ಭಾಷೆಯೂ ಬರುತ್ತಿರಲಿಲ್ಲ. ಮೂರ್ನಾಲ್ಕು ವರ್ಷದ ಮೇಲೆ, ಕಾರ್ಬೂಸಿಯೇ ಅವರ ಅಹಮದಾಬಾದಿನ ಕಟ್ಟಡಗಳನ್ನು ನೋಡಿಕೊಳ್ಳಲು ಇಲ್ಲಿಗೆ ಬಂದರು. ಬಂದವರು ಇಲ್ಲೇ ನೆಲೆ ನಿಂತರು. ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಜ್ಕರ್ ಪ್ರಶಸ್ತಿ ಇವರಿಗೆ ಬಂದಿದ್ದು 2018ರಲ್ಲಿ; ಅದನ್ನು ಪಡೆದ ಮೊದಲ ಭಾರತೀಯ ಇವರೇ. ತೀರಿಕೊಂಡಿದ್ದು 2023ರ ಜನವರಿಯಲ್ಲಿ, ಇದೇ ಊರಿನಲ್ಲಿ, 95ನೇ ವಯಸ್ಸಿನಲ್ಲಿ.

ನನ್ನ ಮುಖ್ಯ ಸಲಹೆ ಇಷ್ಟೇ. ಮೊದಲ ದಿನ ದೋಶಿಯವರ ಯಾವ ಕಟ್ಟಡಕ್ಕೂ ಹೋಗಬೇಡಿ. ಹಳೇ ಊರಿಗೆ ಹೋಗಿ.

ಕಾಲುಪುರದ ಸ್ವಾಮಿನಾರಾಯಣ ದೇವಸ್ಥಾನದಿಂದ ಬೆಳಿಗ್ಗೆ ನಗರಪಾಲಿಕೆಯ ಹೆರಿಟೇಜ್ ವಾಕ್ ಹೊರಟು ಜಾಮಾ ಮಸೀದಿಯ ಹತ್ತಿರ ಮುಗಿಯುತ್ತದೆ. ದಾರಿಯುದ್ದಕ್ಕೂ ಪೋಳ್‌ಗಳು, ಅಂದರೆ ಒಂದೇ ಬಾಗಿಲಿನ ಹಳೇ ಓಣಿಗಳು. ಎರಡೂ ಕಡೆಯ ಮನೆಗಳು ಎಷ್ಟು ಹತ್ತಿರ ಅಂದರೆ ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. ಮನೆ ಮುಂದೆ ಓಟ್ಲಾ, ನಮ್ಮ ಜಗಲಿ ಇದ್ದ ಹಾಗೆ. ಒಳಗೆ ತೊಟ್ಟಿ ಮನೆಯ ಹಾಗೆ ಒಂದು ಅಂಗಳ, ಅದರ ಅಡಿಯಲ್ಲಿ ಮಳೆ ನೀರು ತುಂಬಿಡುವ ಟಾಂಕಾ. ಒಬ್ಬ ಅಜ್ಜಿ ಓಟ್ಲಾದ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಹೊರಗೆ ಬಿಸಿಲು ಏರಿದ್ದರೂ ಅವರು ಕೂತ ಕಲ್ಲು ತಣ್ಣಗಿತ್ತು. ಕೈಯಿಟ್ಟು ನೋಡಿದೆ. ಸೆಕೆಯ ಊರಿನಲ್ಲಿ ತಣ್ಣಗಿರುವುದು ಹೇಗೆ ಅನ್ನುವುದನ್ನು ಈ ಓಣಿಗಳಲ್ಲಿ ನೋಡಿಕೊಂಡರೆ ದೋಶಿಯವರ ಕೆಲಸ ತಾನಾಗಿ ಅರ್ಥವಾಗುತ್ತದೆ. ಸಂಜೆ ಹಳೇ ಮಸೀದಿ, ಗೋರಿಗಳಿರುವ ಸರ್ಖೇಜ್ ರೋಜಾಕ್ಕೆ ಹೋಗಿ. ಊರಿನ ಅಂಚಿನಲ್ಲಿದೆ, ಆಟೋ ಬೇಕು. ಕೆರೆಯ ಸುತ್ತ ಮೆಟ್ಟಿಲು, ಸಾಲು ಸಾಲು ಕಂಬ, ಕಲ್ಲಿನ ಜಾಲಂಧ್ರ. ಬೆಂಗಳೂರಿನ ಆ ಕಾರಿಡಾರುಗಳು ನನಗೆ ಅಲ್ಲೇ ನೆನಪಾದವು.

ಈ ಹಳೇ ಊರಿನ ದಿನವನ್ನು ಸೋಮವಾರಕ್ಕೆ ಇಟ್ಟುಕೊಳ್ಳಿ. ನಾವು ಸೋಮವಾರ ಸಂಜೆ ದೋಶಿಯವರ ಗುಫಾ ಅನ್ನುವ ನೆಲದಡಿಯ ಚಿತ್ರ ಗ್ಯಾಲರಿ ನೋಡಲು ಹೋದೆವು, ಗೇಟು ಮುಚ್ಚಿತ್ತು. ಸೋಮವಾರ ಅದಕ್ಕೆ ರಜೆ. ಉಳಿದ ದಿನ ಸಂಜೆ ನಾಲ್ಕಕ್ಕೆ ತೆಗೆಯುತ್ತಾರೆ. ಇದನ್ನು ಮೊದಲೇ ನೋಡಿಕೊಳ್ಳದೆ ಒಂದು ಸಂಜೆ ಕಳೆದುಕೊಂಡೆವು.

ಎರಡನೇ ದಿನ ಗುಜರಾತ್ ಯೂನಿವರ್ಸಿಟಿ ಮೆಟ್ರೊ ನಿಲ್ದಾಣದಲ್ಲಿ ಇಳಿಯಿರಿ. ಸುತ್ತಮುತ್ತ ದೋಶಿಯವರ ಮೂರು ಕಟ್ಟಡಗಳಿವೆ. ಮೊದಲನೆಯದು ಎಲ್.ಡಿ. ಇಂಡಾಲಜಿ (ಭಾರತೀಯ ವಿದ್ಯೆಗಳ ಅಧ್ಯಯನ) ಸಂಸ್ಥೆ, 1962ರದ್ದು. ಹಳೇ ಜೈನ ಹಸ್ತಪ್ರತಿಗಳನ್ನು ಕಾಪಾಡಲು ಕಟ್ಟಿದ್ದು. ಹಸ್ತಪ್ರತಿಗಳಿಗೆ ಬಿಸಿಲು, ಸೆಕೆ ಎರಡೂ ಆಗದು. ಅದಕ್ಕೇ ಅವುಗಳಿಗೆ ಕೆಳಗೆ, ಅರ್ಧ ನೆಲದೊಳಗೆ ಜಾಗ. ಮೇಲೆ ಸುತ್ತಲೂ ಆಳವಾದ ವರಾಂಡ. ಪಕ್ಕದಲ್ಲೇ ಮ್ಯೂಸಿಯಂ ಇದೆ, ಒಂದು ಗಂಟೆ ಸಾಕು.

ಎರಡನೆಯದು ಸೆಪ್ಟ್ ವಿಶ್ವವಿದ್ಯಾಲಯ. 1962ರಲ್ಲಿ ದೋಶಿಯವರು ಶುರು ಮಾಡಿದ ವಾಸ್ತುಶಿಲ್ಪ ಶಾಲೆಯೇ ಬೆಳೆದು ಇದಾಗಿದೆ. ಇಟ್ಟಿಗೆ ಗೋಡೆ, ಕಾಂಕ್ರೀಟ್, ಉತ್ತರದಿಂದ ಬರುವ ಬೆಳಕು. ಕಟ್ಟಡದ ಅಡಿಯಲ್ಲಿ ಗಾಳಿಯಾಡುವ ತೆರೆದ ಜಾಗ ಬಿಟ್ಟಿದ್ದಾರೆ. ನಾವು ಹೋದಾಗ ಹುಡುಗರು ಅಲ್ಲೇ ನೆಲದ ಮೇಲೆ ಕೂತು ರಟ್ಟು ಕತ್ತರಿಸಿ ಮಾದರಿ ಮನೆ ಮಾಡುತ್ತಿದ್ದರು. ಗುರುತಿನ ಚೀಟಿ ಜೊತೆಗಿರಲಿ. ಪರೀಕ್ಷೆ ನಡೆಯುವಾಗ ಹೋಗಬೇಡಿ.

ಮೂರನೆಯದು ಅಮ್ದಾವಾದ್ ನಿ ಗುಫಾ. ಚಿತ್ರಕಾರ ಎಂ.ಎಫ್. ಹುಸೇನ್ ಅವರ ಚಿತ್ರಗಳಿಗಾಗಿ 1990ರ ದಶಕದಲ್ಲಿ ಕಟ್ಟಿದ ನೆಲದಡಿಯ ಗ್ಯಾಲರಿ. ಹೊರಗಿನಿಂದ ಆಮೆ ಬೆನ್ನಿನ ಹಾಗೆ ಉಬ್ಬಿದ ಗುಮ್ಮಟಗಳು, ಮೇಲೆ ಪಿಂಗಾಣಿ ಚೂರುಗಳ ಹೊದಿಕೆ, ಅದರ ಮೇಲೆ ಹರಿದುಹೋಗುವ ಕಪ್ಪು ಹಾವು. ಚಿಪ್ಪು ತೆಳ್ಳನೆಯ ಫೆರೋಸಿಮೆಂಟಿನದು, ಅಂದರೆ ತಂತಿ ಜಾಲರಿಗೆ ಸಿಮೆಂಟ್ ಮೆತ್ತಿದ್ದು. ಲೆಕ್ಕಾಚಾರಕ್ಕೆ ಕಂಪ್ಯೂಟರ್ ಬಳಸಿದರು. ಕಟ್ಟಿದ್ದು ಮಾತ್ರ ಕೂಲಿಯವರು, ಸಾಮಾನ್ಯ ಕೈ ಹತ್ಯಾರಗಳಿಂದ. ಒಳಗಿನ ಕಂಬಗಳು ಮರದ ಕಾಂಡದ ಹಾಗೆ ಓರೆಯಾಗಿ ನಿಂತಿವೆ. ನೇರ ಗೋಡೆ ಅನ್ನುವುದೇ ಇಲ್ಲ. ಹುಸೇನ್ ಆ ಬಾಗಿದ ಗೋಡೆಗಳ ಮೇಲೆಯೇ ಚಿತ್ರ ಬರೆದಿದ್ದಾರೆ. ತೂತುಗಳಿಂದ ಬರುವ ಬೆಳಕು ನೆಲದ ಮೇಲೆ ದುಂಡಗೆ ಬಿದ್ದಿರುತ್ತದೆ. ಹತ್ತು ನಿಮಿಷ ಒಂದೇ ಕಡೆ ನಿಂತರೆ ಅದು ಜರುಗುವುದು ಕಾಣುತ್ತದೆ. ಚಳಿಗಾಲದಲ್ಲಿ ಆರು ಗಂಟೆಗೆಲ್ಲ ಕತ್ತಲು, ಹಾಗಾಗಿ ಸರಿಯಾಗಿ ನಾಲ್ಕಕ್ಕೆ ಗೇಟಿನ ಹತ್ತಿರ ಇರಿ. ತಡವಾಗಿ ಹೋದರೆ ಚಿತ್ರ ಕಾಣುತ್ತದೆ, ಬೆಳಕಿನ ಆಟ ತಪ್ಪಿಹೋಗುತ್ತದೆ.

ಮೂರನೇ ದಿನ ಪೂರ್ತಿ ಸಂಗಾತ್‌ಗೆ ಕೊಡಿ. ಥಲ್ತೇಜ್ ಕಡೆ ಇದೆ, ಅದೇ ಮೆಟ್ರೊ ಮಾರ್ಗದಲ್ಲಿ ಮುಂದೆ ಹೋಗಿ ಆಟೋ ಹಿಡಿದರಾಯಿತು. ದೋಶಿಯವರು 1980ರಲ್ಲಿ ತಮಗಾಗಿ ಕಟ್ಟಿಕೊಂಡ ಕಚೇರಿ ಇದು. ಹೆಸರಿನ ಅರ್ಥ ಜೊತೆಯಾಗಿ ಸಾಗುವುದು. ನಮ್ಮ ಸಾಂಗತ್ಯ ಅನ್ನುವ ಮಾತು ಇದಕ್ಕೆ ತೀರಾ ಹತ್ತಿರ, ಅಲ್ವಾ? ಈಗಲೂ ಇಲ್ಲಿ ಕೆಲಸ ನಡೆಯುತ್ತದೆ. ಸುಮ್ನೆ ಹೋಗಿ ಬಾಗಿಲು ತಟ್ಟಬೇಡಿ. ಎರಡು ಮೂರು ವಾರ ಮೊದಲೇ ಇಮೇಲ್ ಬರೆದು ಒಪ್ಪಿಗೆ ಪಡೆಯಿರಿ.

ಗೇಟಿನಿಂದ ಬಾಗಿಲಿಗೆ ನೇರ ದಾರಿ ಇಲ್ಲ. ಮರಗಳ ಮಧ್ಯೆ ಓರೆಯಾಗಿ, ಹುಲ್ಲಿನ ಮೆಟ್ಟಿಲು ದಾಟಿ ಹೋಗಬೇಕು. ಅರೆ ಉರುಳೆಯ ಆಕಾರದ ಬಿಳಿ ಚಾವಣಿಗಳು ನೆಲದಿಂದಲೇ ಎದ್ದ ಹಾಗಿವೆ. ಹತ್ತಿರ ಹೋಗಿ ನೋಡಿ. ಬರೀ ಬಿಳಿ ಅಲ್ಲ, ಬೆರಳುದ್ದದ, ಉಗುರಗಲದ ಪಿಂಗಾಣಿ ಚೂರುಗಳು. ಯಾವುದೂ ಇನ್ನೊಂದರ ಹಾಗಿಲ್ಲ. ಕೆಲವು ಹಾಲಿನ ಬಣ್ಣ, ಕೆಲವು ಸ್ವಲ್ಪ ಹಳದಿ. ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತಿದ್ದವು. ಬಿಸಿಲನ್ನು ವಾಪಸ್ ಕಳಿಸುವುದೇ ಅವುಗಳ ಕೆಲಸ. ಚಾವಣಿಯ ಒಳಗೆ ಟೊಳ್ಳಾದ ಮಣ್ಣಿನ ಹೆಂಚುಗಳಿವೆ, ಸೆಕೆ ಒಳಗಿಳಿಯದಂತೆ. ಕಟ್ಟಡ ಅರ್ಧ ನೆಲದೊಳಗೆ ಇಳಿದಿದೆ. ಚಾವಣಿಯ ಮೇಲೆ ಬಿದ್ದ ಮಳೆ ನೀರು ಕಾಲುವೆ ಹಿಡಿದು ಕೊಳಕ್ಕೆ ಬರುತ್ತದೆ. ಮೊದಲ ದಿನ ನೋಡಿದ ಓಣಿಯ ನೆರಳು, ಅಂಗಳದಡಿಯ ಟಾಂಕಾ, ಸರ್ಖೇಜ್‌ನ ಮೆಟ್ಟಿಲು ಎಲ್ಲವೂ ಇಲ್ಲಿ ಹೊಸ ವೇಷದಲ್ಲಿವೆ. ಮೊದಲೇ ಇಲ್ಲಿಗೆ ಬಂದಿದ್ದರೆ ಒಂದು ಚೆಂದದ ಬಿಳಿ ಕಟ್ಟಡ ನೋಡಿ ಫೋಟೋ ತೆಗೆದು ಬರುತ್ತಿದ್ದೆ ಅಷ್ಟೇ. ನನ್ನ ಹೆಂಡತಿ ಆ ಹುಲ್ಲಿನ ಮೆಟ್ಟಿಲಿನ ಮೇಲೆ ಕೂತವಳು ಒಂದು ಗಂಟೆ ಏಳಲಿಲ್ಲ.

ದೋಶಿಯವರದ್ದೆಲ್ಲ ನನಗೆ ಹಿಡಿಸಿತು ಅಂತಲ್ಲ. ಭದ್ರಾ ಕೋಟೆಯ ಎದುರಿನ ಪ್ರೇಮಾಭಾಯಿ ಹಾಲ್ ಆ ಹಳೇ ಚೌಕದಲ್ಲಿ ತೀರಾ ಭಾರ ಅನ್ನಿಸಿತು. ಹೊರಗಿನಿಂದ ನೋಡಿದರೆ ಸಾಕು.

ನಾಲ್ಕನೇ ದಿನ ದೋಶಿಯವರ ಗುರುಗಳಿಗೆ. ಆಶ್ರಮ ರಸ್ತೆಯ ಗಿರಣಿ ಮಾಲೀಕರ ಸಂಘದ ಕಟ್ಟಡ ಕಾರ್ಬೂಸಿಯೇ ಅವರದ್ದು. ಕೆಲಸದ ದಿನಗಳಲ್ಲಿ ಮಾತ್ರ, ಅದೂ ಕೇಳಿಕೊಂಡು ಹೋಗಿ. ಐಐಎಂ ಅಹಮದಾಬಾದ್ ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಅವರದ್ದು. ಅವರನ್ನು ಈ ಊರಿಗೆ ಕರೆಸಿದ್ದರಲ್ಲಿ ದೋಶಿಯವರ ಪಾಲು ದೊಡ್ಡದು. 1974ರಲ್ಲಿ ಇಲ್ಲಿಂದ ವಾಪಸ್ ಹೋಗುವಾಗಲೇ ಕಾನ್ ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಆ ಇಟ್ಟಿಗೆ ಕಮಾನುಗಳ ಕೆಳಗೆ ನಿಂತಾಗ ಅದು ಮನಸ್ಸಿಗೆ ಬಂದು ಗಂಟಲು ಕಟ್ಟಿತು. ಇಲ್ಲಿಗೂ ಮುಂಚಿತವಾಗಿ ಅನುಮತಿ ಬೇಕು. ದೋಶಿಯವರ ಸ್ವಂತ ಮನೆ ಹುಡುಕಿಕೊಂಡು ಹೋಗಬೇಡಿ, ಅದು ಮನೆಮಂದಿಯ ಜಾಗ.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಜನವರಿ 14ರ ಗಾಳಿಪಟದ ಹಬ್ಬದ ಆಸುಪಾಸು ರೂಮು ಸಿಗುವುದು ಕಷ್ಟ, ಬಾಡಿಗೆಯೂ ಜಾಸ್ತಿ. ಬೆಂಗಳೂರಿನಿಂದ ವಿಮಾನದಲ್ಲಿ ಎರಡು ಗಂಟೆಯ ಮೇಲೆ ಸ್ವಲ್ಪ. ರೈಲಾದರೆ ಒಂದು ದಿನಕ್ಕಿಂತ ಜಾಸ್ತಿ, ಹುಬ್ಬಳ್ಳಿ ಮೂಲಕ ಹೋಗುವುದೂ ಇದೆ. ರೂಮನ್ನು ನವರಂಗಪುರದಲ್ಲಿ ಹಿಡಿಯಿರಿ. ಕಾಲುಪುರದಿಂದ ಥಲ್ತೇಜ್‌ವರೆಗೆ ಒಂದೇ ಮೆಟ್ರೊ ಮಾರ್ಗ, ನಡುವೆ ನವರಂಗಪುರ. ಊಟದ ದಾಲ್ ಸಿಹಿ ಇರುತ್ತದೆ. ನಮ್ಮ ಬಾಯಿಗೆ ಎರಡನೇ ದಿನ ಒಗ್ಗಿತು.

ಇನ್ನೂ ಎರಡು ದಿನ ರಜೆ ಉಳಿದಿದ್ದರೆ ಇಂದೋರಿಗೆ ಹೋಗಿ. ಬಡವರಿಗಾಗಿ ದೋಶಿಯವರು ಯೋಜಿಸಿದ ‘ಅರಣ್ಯ’ ಅನ್ನುವ ಹೆಸರಿನ ಬಡಾವಣೆ ಅಲ್ಲಿದೆ. ಅಡಿಪಾಯ, ನಲ್ಲಿ, ಶೌಚಾಲಯ, ಒಂದು ಕೋಣೆ ಕೊಟ್ಟು ಉಳಿದದ್ದನ್ನು ಮನೆಯವರೇ ಕೈಲಾದ ಹಾಗೆ ಕಟ್ಟಿಕೊಳ್ಳಲು ಬಿಟ್ಟರು, ಪುಣೆಯ ಆ ಮನೆ ಬೆಳೆದ ಹಾಗೆಯೇ. ನಮಗೆ ರಜೆ ಸಾಲಲಿಲ್ಲ. ಮುಂದಿನ ಚಳಿಗಾಲದಲ್ಲಿ ಅಲ್ಲಿಗೇ ಹೋಗುವುದು.