ಕೆರೆಯ ಕಳೆಗೆ ಮೂತಿಹುಳು

ಕೆರೆ ಮುಚ್ಚುವ ತೇಲುವ ಕಳೆ ವಾಟರ್ ಹಯಸಿಂತ್‌ಗೆ, ಅದನ್ನು ತಿನ್ನುವ ನಿಯೋಕೆಟಿನಾ ಮೂತಿಹುಳು ಬಿಟ್ಟು ತಿಂಗಳಲ್ಲೇ ಫಲ ಕೇಳಬೇಡಿ. ಮೊಟ್ಟೆಯಿಂದ ದೊಡ್ಡ ಹುಳುವಾಗಲು ಸುಮಾರು 3 ತಿಂಗಳು ಬೇಕು. ಕೆರೆ ಬಯಲಾಗಲು ವರ್ಷಗಳೇ.

ಎಲೆಯ ಮೇಲೆ 2–3 ಮಿ.ಮೀ.ನ ಚೌಕಾಕಾರದ ಕೆರೆದ ಗುರುತು ಕಂಡರೆ ಹುಳು ನೆಲೆಯೂರಿದೆ ಎಂದರ್ಥ. ಅದು ದೊಡ್ಡ ಹುಳುವಿನ ಕೆಲಸ, ಮೇಲ್ನೋಟದ ಗಾಯವಷ್ಟೇ. ನಿಜವಾದ ಪೆಟ್ಟು ಮರಿಹುಳುವಿನದು: ಉಬ್ಬಿದ ತೊಟ್ಟನ್ನು ಕೊರೆಯುತ್ತಾ ಬುಡದ ಸುಳಿಗಿಳಿಯುತ್ತದೆ. ಆ ಸುರಂಗಕ್ಕೆ ನೀರು ನುಗ್ಗಿ ಗಿಡ ಕೊಳೆತು ಮುಳುಗುತ್ತದೆ.

ಮರಿಹುಳು ದೊಡ್ಡದಾಗುವ ಮುನ್ನ ಕೋಶ ಕಟ್ಟುವುದು ತೇಲುವ ಬೇರಿನ ಎಳೆಗಳಲ್ಲಿ. ನೀರಿಳಿದು ಬೇರು ಕೆಸರಿಗೆ ಕಚ್ಚಿದರೆ ಸಂತತಿ ಅಲ್ಲಿಗೇ ನಿಲ್ಲುತ್ತದೆ. ಕೊಳಚೆ ಸೇರುವ ಕೆರೆಯಲ್ಲಂತೂ ತಿಂದದ್ದಕ್ಕಿಂತ ಚಿಗುರಿದ್ದೇ ಹೆಚ್ಚು. ಜೆಸಿಬಿ ತರಿಸಿ ಪೂರ್ತಿ ಬಳಿದರೆ ಹುಳುವೂ ದಡ ಸೇರುತ್ತದೆ, ಉಳಿದ ತುಂಡುಗಳು ಮತ್ತೆ ಹಬ್ಬುತ್ತವೆ. ಹಾಗಾಗಿ ಹುಳುವಿರುವ ಒಂದು ಮೂಲೆಯನ್ನಾದರೂ ಮುಟ್ಟದೆ ಬಿಡಿ.